ಲಸಿಕೆಯ ನ್ಯಾನೋ ಕಣ ಮೈಯೊಳಗೆ ಚಿಪ್ ಆಗುತ್ತದೆಯೇ?

ಹೇಳಿಕೆ: ಲಸಿಕೆಯಲ್ಲಿರುವ ನ್ಯಾನೋ ಕಣಗಳು ದೇಹದೊಳಗೆ ತಾವಾಗಿಯೇ ಜೋಡಣೆಯಾಗಿ ಚಿಪ್ ಆಗುತ್ತವೆ.

ವಾಸ್ತವ: ಸುಳ್ಳು. ತಾವಾಗಿಯೇ ಜೋಡಣೆಯಾಗುವ ಕಣಗಳಿರುವುದು ನಿಜ. ಆದರೆ ಅವು ಪ್ರೋಟೀನ್ ಕಣಗಳು; ಲಸಿಕೆ ತಯಾರಾಗುವಾಗಲೇ ಜೋಡಣೆ ಮುಗಿದಿರುತ್ತದೆ.

ಜೋಡಣೆ ಹೇಗೆ?
ಕೆಲವು ಪ್ರೋಟೀನ್‌ಗಳ ಅಂಚುಗಳು ಒಂದಕ್ಕೊಂದು ಸರಿಯಾಗಿ ಹೊಂದುತ್ತವೆ. ಸೇರಿದಾಗ ಚೆಂಡಿನಂಥ ಕಣವಾಗುತ್ತದೆ. ಹೊರನೋಟಕ್ಕೆ ವೈರಸ್‌ನಂತಿದ್ದರೂ ಒಳಗೆ ವೈರಸ್‌ನ ವಂಶವಾಹಿ ಇರುವುದಿಲ್ಲ. ಹಾಗಾಗಿ ಅದು ದೇಹದಲ್ಲಿ ಹೆಚ್ಚುವುದಿಲ್ಲ, ರೋಗ ತರುವುದೂ ಇಲ್ಲ. ರೋಗನಿರೋಧಕ ಶಕ್ತಿ ಮಾತ್ರ ಅದನ್ನು ನೋಡಿ ಶತ್ರುವಿನ ಗುರುತು ಕಲಿಯುತ್ತದೆ.

ಇದು ಹೊಸ ಪ್ರಯೋಗವೇ?
ಅಲ್ಲ. ಹೆಪಟೈಟಿಸ್ ಬಿ ಲಸಿಕೆಯಲ್ಲಿರುವುದು ಯೀಸ್ಟ್‌ನಲ್ಲಿ ತಯಾರಿಸಿದ, ಸುಮಾರು 22 ನ್ಯಾನೋಮೀಟರ್ ಗಾತ್ರದ ಇಂಥದೇ ಕಣ. ಕಲಬುರಗಿಗೆ ಹತ್ತಿರದ ಹೈದರಾಬಾದಿನ ಶಾಂತಾ ಬಯೋಟೆಕ್ನಿಕ್ಸ್ 1997ರಲ್ಲೇ ಇದನ್ನು ಮಾರುಕಟ್ಟೆಗೆ ತಂದಿತು. ಈಗ ವಿಜ್ಞಾನಿಗಳು ಕಂಪ್ಯೂಟರ್‌ನಲ್ಲಿ ಹೊಸ ಕಣಗಳನ್ನೇ ವಿನ್ಯಾಸ ಮಾಡುತ್ತಾರೆ. ದಕ್ಷಿಣ ಕೊರಿಯಾ 2022ರಲ್ಲಿ ಒಪ್ಪಿದ ಕೋವಿಡ್ ಲಸಿಕೆ ಸ್ಕೈಕೋವಿಯೋನ್ ಅಂಥದ್ದು. ಒಂದೇ ಕಣದ ಮೇಲೆ ವೈರಸ್‌ನ 60 ತುಣುಕುಗಳನ್ನು ಕೂರಿಸುವುದು ಅದರ ವಿನ್ಯಾಸ.

ಇಂಥ ಫಾರ್ವರ್ಡ್ ನಂಬಿದರೆ?
ನಷ್ಟ ಮಗುವಿಗೆ. ಎಳೆಗೂಸಿಗೆ ಹೆಪಟೈಟಿಸ್ ಬಿ ತಗುಲಿದರೆ ಸುಮಾರು 90% ಮಕ್ಕಳಲ್ಲಿ ಸೋಂಕು ಹಾಗೇ ಉಳಿದುಬಿಡುತ್ತದೆ. ಮುಂದೆ ಯಕೃತ್ತಿನ ಕ್ಯಾನ್ಸರ್ ಕೂಡ ಬರಬಹುದು. ಕಲಬುರಗಿಯಲ್ಲಾಗಲಿ, ಕಮಲಾಪುರದಲ್ಲಾಗಲಿ, ಹೆರಿಗೆಯಾದ 24 ಗಂಟೆಯೊಳಗೆ ಮೊದಲ ಡೋಸ್ ಹಾಕಿಸಿ. ನಂತರ 6, 10, 14ನೇ ವಾರದ ಪೆಂಟಾವೇಲೆಂಟ್‌ನಲ್ಲೂ ಇದೇ ಲಸಿಕೆ ಇರುತ್ತದೆ. ಸರ್ಕಾರಿ ಆಸ್ಪತ್ರೆಗಳಲ್ಲಿ ಎಲ್ಲವೂ ಉಚಿತ.