ಹೊಳೆಯಾಚೆಯ ತಂಡ

2024ರ ಏಪ್ರಿಲ್ 11ರ ರಾತ್ರಿ ಕಂಠೀರವ ಕ್ರೀಡಾಂಗಣದಲ್ಲಿ ಮೋಹನ್ ಬಾಗಾನ್ ನಾಲ್ಕನೇ ಗೋಲು ಹೊಡೆದ ಮೇಲೆ ನನಗೆ ಕೂರಲಾಗಲಿಲ್ಲ, ಎದ್ದು ಬಂದೆ. ನಮ್ಮ ಬೆಂಗಳೂರು ಎಫ್‌ಸಿಯದು ಸೊನ್ನೆ. ಹಿಂದಿನ ಡಿಸೆಂಬರಿನಲ್ಲಿ ಇದೇ ಅಂಗಳದಲ್ಲಿ ಮುಂಬೈ ಸಿಟಿಯಿಂದಲೂ ನಾಲ್ಕು ತಿಂದಿದ್ದೆವು. 2013ರಲ್ಲಿ ಹುಟ್ಟಿ, ಮೊದಲ ಋತುವಿನಲ್ಲೇ ಐ-ಲೀಗ್ ಗೆದ್ದ ತಂಡ ಇದು. 2019ರಲ್ಲಿ ಐಎಸ್‌ಎಲ್ ಗೆದ್ದ ತಂಡ. ಆ ರಾತ್ರಿಗೆ ಹನ್ನೆರಡು ತಂಡಗಳಲ್ಲಿ ಹತ್ತನೆಯದು. ಕೊಳ್ಳೇಗಾಲದ ಬಸ್ಸಿನಲ್ಲಿ ಕೂತವನಿಗೆ ಕನಕಪುರ ದಾಟಿದರೂ ಸಿಟ್ಟು ಇಳಿಯಲಿಲ್ಲ.

ಮಳವಳ್ಳಿ ಕಳೆದು ಕಾವೇರಿ ಸೇತುವೆ ಬಂದಾಗ ತಾತ ನೆನಪಾದರು. 1956ರ ನವೆಂಬರ್ 1ರ ತನಕ ಈ ಹೊಳೆಯೇ ಗಡಿ. ಆಚೆ ಮೈಸೂರು, ಈಚೆ ಮದ್ರಾಸು. ಕೊಳ್ಳೇಗಾಲ, ಹನೂರು ಕೊಯಮತ್ತೂರು ಜಿಲ್ಲೆಗೆ ಸೇರಿದ್ದವು. ಪಕ್ಕದ ಯಳಂದೂರು ಮಾತ್ರ ಮೈಸೂರಿನದು. 1807ರಲ್ಲಿ ದಿವಾನ್ ಪೂರ್ಣಯ್ಯನವರಿಗೆ ಜಹಗೀರಾಗಿ ಸಿಕ್ಕ ಊರು. ಅಜ್ಜಿಯ ತವರು ಅದೇ. ಹೀಗಾಗಿ ನಮ್ಮ ಮಗ್ಗದ ಮನೆಯೊಳಗೇ ಎರಡು ಸೀಮೆಗಳಿದ್ದವು.

ರಾಜ್ಯ ತಂಡಗಳ ಫುಟ್‌ಬಾಲ್ ಪಂದ್ಯಾವಳಿಯಾದ ಸಂತೋಷ್ ಟ್ರೋಫಿಯನ್ನು ಮೈಸೂರು ಮೊದಲು ಗೆದ್ದದ್ದು 1946-47ರಲ್ಲಿ, ಮತ್ತೆ 1952-53ರಲ್ಲಿ. ಬೆಂಗಳೂರಿನ ದಂಡು ಪ್ರದೇಶದ ಬೀದಿಗಳಲ್ಲಿ ಬರಿಗಾಲಲ್ಲಿ ಆಡಿ ಬೆಳೆದ ಹುಡುಗರ ಕಾಲ ಅದು. 1948ರ ಲಂಡನ್ ಒಲಿಂಪಿಕ್ಸಿನಲ್ಲಿ ಫ್ರಾನ್ಸ್ ವಿರುದ್ಧ ಭಾರತದ ಏಕೈಕ ಗೋಲು ಹೊಡೆದ ಸಾರಂಗಪಾಣಿ ರಾಮನ್ ಬೆಂಗಳೂರಿನವರು. ಈ ಸುದ್ದಿಗಳನ್ನು ಯಳಂದೂರಿನಿಂದ ಹೊತ್ತು ತರುತ್ತಿದ್ದವರು ಅಜ್ಜಿಯ ಅಣ್ಣ. ತಾತ ಲಾಳಿ ನಿಲ್ಲಿಸದೆ, "ನಿಮ್ಮ ಟೀಮು ಗೆದ್ದದೆ, ಸಂತೋಷ ಭಾವ" ಅನ್ನುತ್ತಿದ್ದರಂತೆ. ನಿಮ್ಮ ಟೀಮು. ಆ ಮಾತಿಗೆ ಅಜ್ಜಿ ಬಲು ದಿನ ನೊಂದುಕೊಂಡಿದ್ದರು.

ಗಡಿ ಅಳಿಸಿದ ಮೇಲೆ ತಂಡ ನಮ್ಮದೂ ಆಯಿತು. 1967-68ರಲ್ಲಿ ಕಟಕದಲ್ಲಿ, ಮರುವರ್ಷ ಬೆಂಗಳೂರಿನಲ್ಲಿ, ಸಾಲಾಗಿ ಎರಡು ಸಲ ಮೈಸೂರು ಗೆದ್ದಿತು. ನಾನಿನ್ನೂ ತೊಟ್ಟಿಲ ಕೂಸು. ಅಪ್ಪ ಪತ್ರಿಕೆಯ ತುಂಡನ್ನು ಕತ್ತರಿಸಿ ಮಗ್ಗದ ಮನೆಯ ಕನ್ನಡಿಯ ಹಿಂದೆ ಸಿಕ್ಕಿಸಿದರು. ನಾಲ್ಕು ಗೆಲುವಿನ ಫೈನಲುಗಳಲ್ಲೂ ಎದುರಾಳಿ ಬಂಗಾಳವೇ. ಕಲ್ಕತ್ತೆಯವರನ್ನು ಮಣಿಸುವುದೆಂದರೆ ಫುಟ್‌ಬಾಲಿನ ತವರನ್ನೇ ಮಣಿಸಿದಂತೆ ಎಂದು ಅಪ್ಪ ಹೇಳಿ ಹೇಳಿ ನನಗೆ ಬಾಯಿಪಾಠವಾಗಿತ್ತು. ಕಂಠೀರವದಲ್ಲಿ ಕಲ್ಕತ್ತೆಯ ತಂಡದಿಂದ ನಾಲ್ಕು ಗೋಲು ಬಿಟ್ಟುಕೊಟ್ಟದ್ದು ನನಗೆ ಅಷ್ಟು ಉರಿದದ್ದು ಅದಕ್ಕೇ.

ಆಮೇಲೆ ಬಂದದ್ದು ಬರಗಾಲ. 1970-71ರ ಫೈನಲಿನಲ್ಲಿ ಪಂಜಾಬಿಗೆ, ಹೆಸರು ಕರ್ನಾಟಕವಾದ ಮೇಲೆ 1975-76ರಲ್ಲಿ ಬಂಗಾಳಕ್ಕೆ ಸೋಲು. ನಂತರ ಫೈನಲನ್ನೇ ಕಾಣಲಿಲ್ಲ. ಎಚ್‌ಎಎಲ್, ಐಟಿಐಯಂಥ ಕಾರ್ಖಾನೆಗಳು ಆಟಗಾರನಿಗೆ ಕೆಲಸ ಕೊಟ್ಟು ತಂಡ ಕಟ್ಟುತ್ತಿದ್ದವು. ಸಂಬಳದ ಭರವಸೆಯಿಂದಲೇ ಹುಡುಗ ಚೆಂಡು ಬಿಡುತ್ತಿರಲಿಲ್ಲ. ನೇಮಕ ಬತ್ತಿತು, ತಂಡಗಳೂ ಸೊರಗಿದವು. 2012ರಲ್ಲಿ ಎಚ್‌ಎಎಲ್ ಐ-ಲೀಗಿನಿಂದ ಕೆಳಗಿಳಿಯಿತು. ಕನ್ನಡಿಯ ಹಿಂದಿನ ಕಾಗದ ಹಳದಿಯಾಗಿ, ಮುಟ್ಟಿದರೆ ಪುಡಿಯಾಗುವಂತಾಯಿತು. ಕೊನೆಗೆ 2023ರ ಮಾರ್ಚ್ 4ರಂದು ರಿಯಾದಿನಲ್ಲಿ ಮೇಘಾಲಯವನ್ನು 3-2ರಿಂದ ಸೋಲಿಸಿ ಕರ್ನಾಟಕ ಟ್ರೋಫಿ ಎತ್ತಿದಾಗ ಐವತ್ತನಾಲ್ಕು ವರ್ಷ ಕಳೆದಿದ್ದವು. ಅಪ್ಪ ಇರಲಿಲ್ಲ. ಅವರ ಫೋಟೋದ ಮುಂದೆ ದೀಪ ಹಚ್ಚಿ ಸ್ಕೋರು ಹೇಳಿದೆ. ಮರುವರ್ಷ ಅದೇ ಚಾಂಪಿಯನ್ನರು ಕ್ವಾರ್ಟರ್ ಫೈನಲಿಗೂ ಬರಲಿಲ್ಲ.

ಸೋಲನ್ನು ತಡೆದುಕೊಳ್ಳಬಲ್ಲೆ. ನನ್ನ ಸಂಕಟ ಬೇರೆ. ಹನೂರು ಕಡೆಯ ಒಡೆಯರಪಾಳ್ಯದಲ್ಲಿ ಟಿಬೆಟನ್ನರ ಶಿಬಿರವಿದೆ. ಅಲ್ಲಿನ ಹುಡುಗರು ಸಂಜೆಯಾದರೆ ಫುಟ್‌ಬಾಲಿಗೆ ಇಳಿಯುತ್ತಾರೆ. ಫಿಫಾದಲ್ಲಿ ಜಾಗವಿಲ್ಲದ ಅವರ ಟಿಬೆಟ್ ತಂಡ 2001ರಲ್ಲಿ ಕೋಪನ್‌ಹೇಗನ್ನಿಗೆ ಹೋಗಿ ಗ್ರೀನ್‌ಲ್ಯಾಂಡ್ ಎದುರು 1-4ರಿಂದ ಸೋತು ಬಂದಿತು. ದೇಶ ಕಳೆದುಕೊಂಡವರೂ ಶಿಬಿರ ಶಿಬಿರದಿಂದ ಹುಡುಗರನ್ನು ಹೆಕ್ಕಿ ತಂಡ ಕಟ್ಟುತ್ತಾರೆ. ನಮ್ಮ ರಾಜ್ಯದ ತಂಡ ಇವತ್ತಿಗೂ ಹೆಚ್ಚುಕಡಿಮೆ ಬೆಂಗಳೂರಿನ ಲೀಗಿನದೇ. ಗಡಿ ಕಿತ್ತು ಅರವತ್ತು ವರ್ಷ ದಾಟಿತು. ಚೆಂಡು ಒದೆಯಬಲ್ಲ ಹುಡುಗನನ್ನು ಹುಡುಕಿ ಹೊಳೆ ದಾಟಿ ಬಂದವರನ್ನು ನಾನು ಕಂಡಿಲ್ಲ.

ಬಸ್ಸಿಳಿದಾಗ ರಾತ್ರಿ ಎರಡು ದಾಟಿತ್ತು. ನಿದ್ದೆ ಹತ್ತಲಿಲ್ಲ. ಬೆಳಗ್ಗೆ ಎಂ.ಜಿ.ಎಸ್.ವಿ. ಮೈದಾನದ ಕಡೆ ನಡೆದೆ. ಬೇಸಿಗೆ ರಜೆ, ಐದಾರು ಹುಡುಗರು ಕಲ್ಲಿಟ್ಟು ಗೋಲು ಮಾಡಿಕೊಂಡು ಆಡುತ್ತಿದ್ದರು. ನನ್ನ ನೀಲಿ ಜರ್ಸಿ ನೋಡಿ ಒಬ್ಬ ಓಡಿಬಂದ.

"ಮಾವ, ರಾತ್ರಿ ಎಷ್ಟು ಗೋಲು?"

"ನಾಲ್ಕು ಕಣ್ಲಾ."

"ನಮ್ಮೋರು ಹೊಡದ್ರಾ?"

"ಇಲ್ಲ ಕಣ್ಲಾ, ನಮಗೆ ಹೊಡದ್ರು."

ಅವನು ಚೆಂಡನ್ನು ನನ್ನತ್ತ ಉರುಳಿಸಿದ.