ಅಪ್ಪನ ಮಾತ್ರೆ ಮತ್ತು ಇಲಿ ಪಾಷಾಣ

ಅಪ್ಪನ ಹೃದಯಕ್ಕೆ ಲೋಹದ ವಾಲ್ವ್ ಹಾಕಿದ ಮೇಲೆ ದಿನಾ ರಾತ್ರಿ ಒಂದು ಮಾತ್ರೆ: ವಾರ್ಫರಿನ್. ಹೋದ ತಿಂಗಳು ಅವರಿಗೊಂದು ವಾಟ್ಸಾಪ್ ಫಾರ್ವರ್ಡ್ ಬಂತು, 'ಇದು ಇಲಿ ಪಾಷಾಣ' ಅಂತ. ಯಾರಿಗೂ ಹೇಳದೆ ಎರಡು ದಿನ ಮಾತ್ರೆ ಬಿಟ್ಟಿದ್ದರು. ಗೊತ್ತಾಗಿ ಕೇಳಿದರೆ, "ನನಗೆ ಪಾಷಾಣ ಕೊಡ್ತಿದ್ದೀರೇನೋ?" ಅಂದ್ರು. ಬಿ.ಕಾಂ. ಓದಿದ ನನ್ನ ಹತ್ರ ಉತ್ತರ ಇರಲಿಲ್ಲ. ಹುಡುಕಿದೆ. ಫಾರ್ವರ್ಡ್ ಸುಳ್ಳಲ್ಲ, ಅರ್ಧ ಕಥೆ.

1920ರ ದಶಕದಲ್ಲಿ ಕೆನಡಾ, ಅಮೆರಿಕಗಳಲ್ಲಿ ದನಗಳು ಸಣ್ಣ ಗಾಯಕ್ಕೂ ರಕ್ತ ನಿಲ್ಲದೆ ಸಾಯುತ್ತಿದ್ದವು. ಬೂಷ್ಟು ಹಿಡಿದ ಸ್ವೀಟ್ ಕ್ಲೋವರ್ ಮೇವೇ ಕಾರಣ ಎಂದು ಪಶುವೈದ್ಯ ಫ್ರಾಂಕ್ ಸ್ಕೋಫೀಲ್ಡ್ ತೋರಿಸಿದರು. ಮೇವಿನಲ್ಲಿ ಇದ್ದದ್ದಾದರೂ ಏನು? 1933ರ ಫೆಬ್ರವರಿಯಲ್ಲಿ ವಿಸ್ಕಾನ್ಸಿನ್‌ನ ರೈತನೊಬ್ಬ ಹಿಮಬಿರುಗಾಳಿಯಲ್ಲಿ ಸುಮಾರು 300 ಕಿಲೋಮೀಟರ್ ಬಂದು, ಸತ್ತ ಕಡಸು, ಬೂಷ್ಟು ಮೇವು, ಹಾಲಿನ ಕ್ಯಾನ್‌ನಲ್ಲಿ ಹೆಪ್ಪುಗಟ್ಟದ ರಕ್ತವನ್ನು ರಸಾಯನ ವಿಜ್ಞಾನಿ ಕಾರ್ಲ್ ಪಾಲ್ ಲಿಂಕ್ ಮುಂದಿಟ್ಟ. ಲಿಂಕ್ ತಂಡ 1939ರಲ್ಲಿ ಆ ವಸ್ತುವನ್ನು ಬೇರ್ಪಡಿಸಿತು: ಡೈಕುಮರಾಲ್. ಅದರ ಸಂಬಂಧಿಯೇ ವಾರ್ಫರಿನ್. 1948ರಲ್ಲಿ ಅದು ಇಲಿ ಪಾಷಾಣವಾಗಿ ಮಾರುಕಟ್ಟೆಗೆ ಬಂತು.

1951ರಲ್ಲಿ ಅಮೆರಿಕದ ಸೈನಿಕನೊಬ್ಬ ಸಾಯಲೆಂದು ಅದನ್ನು ನುಂಗಿದ. ವಿಟಮಿನ್ ಕೆ ಕೊಟ್ಟು, ರಕ್ತ ಕೊಟ್ಟು ಉಳಿಸಿದರು. ಅಂದ್ರೆ ಇದಕ್ಕೆ ಪ್ರತಿಮದ್ದು ಇದೆ! 1954ರಲ್ಲಿ ಮನುಷ್ಯರಿಗೆ ಬಳಸಲು ಅನುಮತಿ ಸಿಕ್ಕಿತು. 1955ರಲ್ಲಿ ಹೃದಯಾಘಾತವಾದಾಗ ಅಧ್ಯಕ್ಷ ಐಸೆನ್‌ಹೋವರ್ ಕೂಡ ಇದನ್ನೇ ತಗೊಂಡರು.

ಕೆಲಸ ಹೇಗೆ? ರಕ್ತ ಹೆಪ್ಪುಗಟ್ಟಿಸುವ ಪ್ರೋಟೀನುಗಳನ್ನು ತಯಾರು ಮಾಡೋಕೆ ಲಿವರ್‌ಗೆ ವಿಟಮಿನ್ ಕೆ ಬೇಕು. ದೇಹ ಅದನ್ನೇ ಮತ್ತೆ ಮತ್ತೆ ತಿರುಗಿಸಿ ಬಳಸುತ್ತೆ. ವಾರ್ಫರಿನ್ ಆ ತಿರುಗುವಿಕೆಯನ್ನು ತಡೆಯುತ್ತೆ. ನಮ್ಮ ಕಾಮರ್ಸ್ ಭಾಷೆಯಲ್ಲಿ, ಬಂಡವಾಳ ತಿರುಗದಿದ್ದರೆ ಉತ್ಪಾದನೆ ಕಡಿಮೆ. ಇದರಿಂದ ರಕ್ತವೇನೂ ನೀರಾಗಲ್ಲ, ಆಗಲೇ ಇರುವ ಹೆಪ್ಪೂ ಕರಗಲ್ಲ. ಹೊಸದು ಕಟ್ಟೋದು ಕಡಿಮೆಯಾಗುತ್ತೆ. ವಾಲ್ವ್ ಮೇಲೆ ಹೆಪ್ಪು ಕಟ್ಟಿ ಮೆದುಳಿಗೆ ಹೋದರೆ ಸ್ಟ್ರೋಕ್. ಮದ್ದು ಹೆಚ್ಚಾದರೆ ರಕ್ತಸ್ರಾವ. ಅದಕ್ಕೇ ಆಗಾಗ ಐಎನ್‌ಆರ್ ಟೆಸ್ಟ್. ಸೊಪ್ಪಿನಲ್ಲೂ ವಿಟಮಿನ್ ಕೆ ಇದೆ. ಬಿಡಬೇಕಿಲ್ಲ, ವಾರವಾರವೂ ಹೆಚ್ಚುಕಮ್ಮಿ ಒಂದೇ ಅಳತೆಯಲ್ಲಿ ತಿಂದರಾಯ್ತು.

ಅವತ್ತೇ ಡಾಕ್ಟರಿಗೆ ಫೋನ್ ಮಾಡಿ ಬೈಸಿಕೊಂಡ್ವಿ, ಟೆಸ್ಟ್ ಮಾಡಿಸಿದ್ವಿ. ಈ ಕಥೆ ಪೂರ್ತಿ ಕೇಳಿ ಅಪ್ಪ ಕೇಳಿದ್ದು ಒಂದೇ ಪ್ರಶ್ನೆ: "ಆ ರೈತನ ಉಳಿದ ದನ ಬದುಕಿದ್ವಾ?" ಆಮೇಲೆ ನೀರು ತರೋಕೆ ಹೇಳಿ ಮಾತ್ರೆ ನುಂಗಿದ್ರು.

ನಿಮ್ಮ ಮನೆಯಲ್ಲೂ ಯಾರಾದರೂ ಇದನ್ನು ತಗೊಳ್ತಿದ್ರೆ, ಫಾರ್ವರ್ಡ್ ನೋಡಿ ನಿಲ್ಲಿಸೋ ಮುಂಚೆ ಡಾಕ್ಟರಿಗೊಂದು ಫೋನ್ ಮಾಡಿ. ಮುಂದಿನ ಕಂತಿನಲ್ಲಿ ಸಿಗೋಣ.