ಭಾರತದಲ್ಲಿ ಪುರಾತತ್ತ್ವ ನೀತಿ

ಭಾರತದಲ್ಲಿ ಪುರಾತತ್ತ್ವ ನೀತಿ ಎಂಬುದು ಪ್ರಾಚೀನ ಸ್ಮಾರಕಗಳು, ನೆಲೆಗಳು ಹಾಗೂ ಅವಶೇಷಗಳ ಶೋಧನೆ, ಉತ್ಖನನ, ಸಂರಕ್ಷಣೆ ಮತ್ತು ಬಳಕೆಗೆ ಸಂಬಂಧಿಸಿದ ಕಾನೂನುಗಳು, ಸರ್ಕಾರಿ ಆದೇಶಗಳು ಮತ್ತು ಅನುದಾನ ವ್ಯವಸ್ಥೆಯನ್ನು ಒಳಗೊಂಡಿದೆ. ದೇಶದ ಹೆಚ್ಚಿನ ಉತ್ಖನನಗಳನ್ನು ಭಾರತೀಯ ಪುರಾತತ್ತ್ವ ಸರ್ವೇಕ್ಷಣ ಇಲಾಖೆ, ರಾಜ್ಯ ಇಲಾಖೆಗಳು ಮತ್ತು ವಿಶ್ವವಿದ್ಯಾಲಯಗಳು ನಡೆಸುತ್ತವೆ. ಎಲ್ಲಿ ಅಗೆಯಬೇಕು, ಯಾರು ಅಗೆಯಬೇಕು, ಯಾವ ಕಟ್ಟಡವನ್ನು ಉಳಿಸಬೇಕು ಎಂಬ ನಿರ್ಧಾರಗಳು ಸರ್ಕಾರದ ಅನುಮತಿಯನ್ನು ಅವಲಂಬಿಸಿರುವುದರಿಂದ, ನೀತಿಯ ಬದಲಾವಣೆ ಪುರಾತತ್ತ್ವಜ್ಞರ ವೃತ್ತಿಯ ಮೇಲೆ ನೇರ ಪರಿಣಾಮ ಬೀರುತ್ತದೆ.

ವಸಾಹತುಶಾಹಿ ಕಾಲ

1861ರಲ್ಲಿ ಅಲೆಕ್ಸಾಂಡರ್ ಕನ್ನಿಂಗ್‌ಹ್ಯಾಮ್ ಅವರ ನೇಮಕದೊಂದಿಗೆ ಸರ್ಕಾರಿ ಸರ್ವೇಕ್ಷಣೆ ಆರಂಭವಾಯಿತು. 1866ರಲ್ಲಿ ಅದನ್ನು ನಿಲ್ಲಿಸಿ, 1871ರಲ್ಲಿ ಪ್ರತ್ಯೇಕ ಇಲಾಖೆಯಾಗಿ ಪುನಃ ಸ್ಥಾಪಿಸಲಾಯಿತು. 1889ರಲ್ಲಿ ಜೇಮ್ಸ್ ಬರ್ಗೆಸ್ ನಿವೃತ್ತರಾದ ಬಳಿಕ ಮಹಾನಿರ್ದೇಶಕರ ಹುದ್ದೆ 1902ರವರೆಗೆ ಇರಲಿಲ್ಲ. ಇದೇ ಅವಧಿಯಲ್ಲಿ ಮೈಸೂರು ಸಂಸ್ಥಾನವು ತನ್ನದೇ ಪುರಾತತ್ತ್ವ ಇಲಾಖೆಯನ್ನು ನಡೆಸುತ್ತಿದ್ದು, ಬಿ. ಎಲ್. ರೈಸ್ ಅವರ ನೇತೃತ್ವದಲ್ಲಿ ಎಪಿಗ್ರಾಫಿಯಾ ಕರ್ನಾಟಿಕಾ ಸಂಪುಟಗಳು ಪ್ರಕಟವಾದವು.

ವೈಸರಾಯ್ ಕರ್ಜನ್ ಅವರ ಕಾಲದಲ್ಲಿ ಜಾನ್ ಮಾರ್ಷಲ್ ಮಹಾನಿರ್ದೇಶಕರಾದರು ಮತ್ತು 1904ರಲ್ಲಿ ಪ್ರಾಚೀನ ಸ್ಮಾರಕ ಸಂರಕ್ಷಣಾ ಅಧಿನಿಯಮ ಜಾರಿಗೆ ಬಂದಿತು. ಸಿಂಧೂ ನಾಗರಿಕತೆಯ ಶೋಧವು ಈ ವಿಸ್ತರಣೆಯ ಫಲವಾಗಿತ್ತು. 1930ರ ದಶಕದ ಆರಂಭದಲ್ಲಿ ಆರ್ಥಿಕ ಮುಗ್ಗಟ್ಟಿನಿಂದ ಇಲಾಖೆಯ ಅನುದಾನ ಕಡಿತಗೊಂಡಿತು. 1932ರ ತಿದ್ದುಪಡಿಯು ಹೊರಗಿನ ಸಂಸ್ಥೆಗಳಿಗೂ ಉತ್ಖನನದ ಅವಕಾಶ ನೀಡಿತು. 1935–36ರಲ್ಲಿ ಅಮೆರಿಕದ ಸಂಸ್ಥೆಗಳು ಸಿಂಧ್ ಪ್ರಾಂತದ ಚನ್ಹುದಾರೊದಲ್ಲಿ ಉತ್ಖನನ ನಡೆಸಿದವು. 1944ರಲ್ಲಿ ಮಹಾನಿರ್ದೇಶಕರಾದ ಮಾರ್ಟಿಮರ್ ವೀಲರ್ ತಕ್ಷಶಿಲೆಯಲ್ಲಿ ತರಬೇತಿ ಶಿಬಿರ ನಡೆಸಿ, ಭಾರತೀಯ ವಿದ್ಯಾರ್ಥಿಗಳಿಗೆ ಸ್ತರವಿನ್ಯಾಸ ಆಧಾರಿತ ಉತ್ಖನನ ವಿಧಾನವನ್ನು ಕಲಿಸಿದರು. 1947ರಲ್ಲಿ ಅವರು ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿಯಲ್ಲಿ ಇದೇ ವಿಧಾನವನ್ನು ಅನುಸರಿಸಿದರು.

ಸ್ವಾತಂತ್ರ್ಯಾನಂತರದ ವ್ಯವಸ್ಥೆ

ಸಂವಿಧಾನವು ಈ ವಿಷಯದ ಅಧಿಕಾರವನ್ನು ಹಂಚಿದೆ. ರಾಷ್ಟ್ರೀಯ ಮಹತ್ವದ್ದೆಂದು ಘೋಷಿತವಾದ ಸ್ಮಾರಕಗಳು ಕೇಂದ್ರದ ವ್ಯಾಪ್ತಿಗೆ, ಉಳಿದ ಸ್ಮಾರಕಗಳು ರಾಜ್ಯಗಳ ವ್ಯಾಪ್ತಿಗೆ ಬರುತ್ತವೆ. ಕೇಂದ್ರದ ಮುಖ್ಯ ಕಾನೂನು 1958ರ ಪ್ರಾಚೀನ ಸ್ಮಾರಕಗಳು ಮತ್ತು ಪುರಾತತ್ತ್ವ ನೆಲೆಗಳು ಹಾಗೂ ಅವಶೇಷಗಳ ಅಧಿನಿಯಮ. ಕರ್ನಾಟಕದಲ್ಲಿ 1961ರ ರಾಜ್ಯ ಅಧಿನಿಯಮ ಜಾರಿಯಲ್ಲಿದೆ. ಎರಡೂ ಪಟ್ಟಿಗಳಲ್ಲಿ ಸೇರದ ನೆಲೆಗಳಿಗೆ ಈ ಕಾನೂನುಗಳ ಪೂರ್ಣ ರಕ್ಷಣೆ ದೊರೆಯುವುದಿಲ್ಲ.

ಅಣೆಕಟ್ಟುಗಳ ನಿರ್ಮಾಣವು ರಕ್ಷಣಾ ಉತ್ಖನನವನ್ನು ಅನಿವಾರ್ಯಗೊಳಿಸಿತು. ನಾಗಾರ್ಜುನ ಸಾಗರದಲ್ಲಿ ಮುಳುಗಲಿದ್ದ ನಾಗಾರ್ಜುನಕೊಂಡದಲ್ಲಿ 1954ರಿಂದ 1960ರವರೆಗೆ ವ್ಯಾಪಕ ಉತ್ಖನನ ನಡೆಸಿ, ಕೆಲವು ಅವಶೇಷಗಳನ್ನು ಎತ್ತರದ ಪ್ರದೇಶಕ್ಕೆ ಸ್ಥಳಾಂತರಿಸಲಾಯಿತು. ತಮಿಳುನಾಡಿನ ಕೀಳಡಿಯಲ್ಲಿ 2014ರಿಂದ ಉತ್ಖನನ ನಡೆಸಿದ ಕೇಂದ್ರ ಇಲಾಖೆಯು ಮೂರು ಹಂತಗಳ ಬಳಿಕ ಕೆಲಸ ನಿಲ್ಲಿಸಿತು. ಅನಂತರದ ಹಂತಗಳನ್ನು ರಾಜ್ಯ ಇಲಾಖೆಯು ಮುಂದುವರಿಸಿತು.

ನಿರ್ಬಂಧಿತ ವಲಯಗಳು

1992ರ ಅಧಿಸೂಚನೆಯು ಸಂರಕ್ಷಿತ ಸ್ಮಾರಕದಿಂದ 100 ಮೀಟರ್‌ವರೆಗೆ ನಿಷೇಧಿತ ವಲಯವನ್ನೂ, ಅದರಾಚೆ ಇನ್ನೂ 200 ಮೀಟರ್‌ವರೆಗೆ ನಿಯಂತ್ರಿತ ವಲಯವನ್ನೂ ಗುರುತಿಸಿತು. ನಿಷೇಧಿತ ವಲಯದಲ್ಲಿ ತಜ್ಞರ ಸಮಿತಿಯ ಸಲಹೆಯಂತೆ ನೀಡಲಾಗುತ್ತಿದ್ದ ಅನುಮತಿಗಳು ಕಾನೂನುಬದ್ಧವಲ್ಲವೆಂದು ದೆಹಲಿ ಉಚ್ಚ ನ್ಯಾಯಾಲಯ 2009ರಲ್ಲಿ ತೀರ್ಪು ನೀಡಿತು. ಇದರ ಬೆನ್ನಲ್ಲೇ 2010ರ ತಿದ್ದುಪಡಿಯು ಈ ವಲಯಗಳನ್ನು ಅಧಿನಿಯಮದಲ್ಲಿಯೇ ಸೇರಿಸಿ, ರಾಷ್ಟ್ರೀಯ ಸ್ಮಾರಕ ಪ್ರಾಧಿಕಾರವನ್ನು ಸ್ಥಾಪಿಸಿತು. ಪುರಾತತ್ತ್ವಜ್ಞರ ಕೆಲಸಕ್ಕೆ ಅರ್ಜಿಗಳ ಪರಿಶೀಲನೆ ಮತ್ತು ಪರಂಪರೆಯ ಉಪವಿಧಿಗಳ ರಚನೆ ಸೇರ್ಪಡೆಯಾದವು. ನಿಷೇಧಿತ ವಲಯದಲ್ಲಿ ಕೇಂದ್ರದ ಸಾರ್ವಜನಿಕ ಕಾಮಗಾರಿಗಳಿಗೆ ಅವಕಾಶ ನೀಡುವ ತಿದ್ದುಪಡಿ ಮಸೂದೆಗೆ 2018ರ ಜನವರಿಯಲ್ಲಿ ಲೋಕಸಭೆ ಅಂಗೀಕಾರ ನೀಡಿತಾದರೂ ರಾಜ್ಯಸಭೆಯು ಅದನ್ನು ಆಯ್ಕೆ ಸಮಿತಿಗೆ ಒಪ್ಪಿಸಿತು.

ಹಂಪಿಯ ಪ್ರಕರಣ

1986ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ ಹಂಪಿಯನ್ನು, ತೂಗುಸೇತುವೆಗಳ ನಿರ್ಮಾಣದ ಹಿನ್ನೆಲೆಯಲ್ಲಿ, ಯುನೆಸ್ಕೋ 1999ರಲ್ಲಿ ಅಪಾಯದಲ್ಲಿರುವ ತಾಣಗಳ ಪಟ್ಟಿಗೆ ಸೇರಿಸಿತು. ರಾಜ್ಯವು 2002ರ ಅಧಿನಿಯಮದ ಮೂಲಕ ಹಂಪಿ ವಿಶ್ವ ಪರಂಪರೆ ಪ್ರದೇಶ ನಿರ್ವಹಣಾ ಪ್ರಾಧಿಕಾರವನ್ನು ರಚಿಸಿತು. 2006ರಲ್ಲಿ ಹಂಪಿ ಆ ಪಟ್ಟಿಯಿಂದ ಹೊರಬಂದಿತು. ನಿರ್ಮಾಣ ಹಂತದಲ್ಲಿದ್ದ ಆನೆಗೊಂದಿಯ ಸೇತುವೆ 2009ರ ಜನವರಿಯಲ್ಲಿ ಕುಸಿಯಿತು. 2011ರಲ್ಲಿ ವಿರೂಪಾಕ್ಷ ದೇವಾಲಯದ ಎದುರಿನ ಬಜಾರಿನ ಮಂಟಪಗಳಲ್ಲಿ ನೆಲೆಸಿದ್ದ ಕುಟುಂಬಗಳನ್ನು ತೆರವುಗೊಳಿಸಲಾಯಿತು. ಮಂಟಪಗಳ ಮೂಲರೂಪದ ಸಂರಕ್ಷಣೆಯು ತೆರವಿಗೆ ಸಮರ್ಥನೆಯಾಗಿತ್ತು. ಜನವಸತಿಯೂ ಪರಂಪರೆಯ ಭಾಗವೆಂಬುದು ವಿಮರ್ಶಕರ ವಾದ.

ಇತ್ತೀಚಿನ ಬೆಳವಣಿಗೆಗಳು

ಮಹಾಲೇಖಪಾಲರ 2013ರ ವರದಿಯು, ಜಂಟಿ ಪರಿಶೀಲನೆಗೆ ಒಳಪಟ್ಟ 1,655 ಸ್ಮಾರಕಗಳಲ್ಲಿ 92 ಪತ್ತೆಯಾಗಿಲ್ಲವೆಂದು ತಿಳಿಸಿತು. 2024ರಲ್ಲಿ 18 ಸ್ಮಾರಕಗಳನ್ನು ಸಂರಕ್ಷಿತ ಪಟ್ಟಿಯಿಂದ ಕೈಬಿಡುವ ಪ್ರಕ್ರಿಯೆ ಆರಂಭವಾಯಿತು. 2017ರಲ್ಲಿ ಆರಂಭವಾದ 'ಅಡಾಪ್ಟ್ ಎ ಹೆರಿಟೇಜ್' ಯೋಜನೆಯು ಪ್ರವಾಸಿ ಸೌಲಭ್ಯಗಳ ನಿರ್ವಹಣೆಯಲ್ಲಿ ಖಾಸಗಿ ಸಂಸ್ಥೆಗಳಿಗೆ ಪಾತ್ರ ನೀಡಿತು. 2018ರಲ್ಲಿ ದೆಹಲಿಯ ಕೆಂಪುಕೋಟೆಗೆ ಸಂಬಂಧಿಸಿದ ಒಪ್ಪಂದವು ಸಾರ್ವಜನಿಕ ಚರ್ಚೆಗೆ ಕಾರಣವಾಯಿತು.

ಇವನ್ನೂ ನೋಡಿ

ಭಾರತೀಯ ಪುರಾತತ್ತ್ವ ಸರ್ವೇಕ್ಷಣ ಇಲಾಖೆ
ಹಂಪಿ
ವಿಶ್ವ ಪರಂಪರೆಯ ತಾಣ